ಪ್ರಾದೇಶಿಕ ವಿಮಾನಯಾನ ಸಂಸ್ಥೆಗಳಲ್ಲಿ ಹೊಸದಾಗಿ ನೇಮಕಗೊಳ್ಳುವ ಪೈಲಟ್‌ಗಳ ವೃತ್ತಿಜೀವನ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಅಭ್ಯರ್ಥಿಗಳ ಮಾಹಿತಿಗಾಗಿ

ಪೀಠಿಕೆ

ಪೈಲಟ್ ತರಬೇತಿಯ ಸಲುವಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಶೈಕ್ಷಣಿಕ ಸಾಲ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಅರ್ಜಿ ಸಲ್ಲಿಸುವ ಕುಟುಂಬಗಳು ಸಾಮಾನ್ಯವಾಗಿ ಪರವಾನಗಿ ಕೈಸೇರುವವರೆಗಿನ ಖರ್ಚನ್ನು ಮಾತ್ರ ಲೆಕ್ಕ ಹಾಕುತ್ತವೆ. ಪರವಾನಗಿ ದೊರೆತ ದಿನಕ್ಕೂ ಪೂರ್ಣ ವೇತನ ದೊರೆಯುವ ದಿನಕ್ಕೂ ನಡುವೆ ಇರುವ ಅವಧಿಯೇ ಈ ವೃತ್ತಿಯಲ್ಲಿ ಅತ್ಯಂತ ಕಠಿಣವಾದುದು. ಸದರಿ ಅವಧಿಯ ಕುರಿತು ಅರ್ಜಿದಾರರಿಗೂ ಪೋಷಕರಿಗೂ ತಿಳಿವಳಿಕೆ ನೀಡುವುದು ಈ ಪುಟದ ಉದ್ದೇಶವಾಗಿರುತ್ತದೆ.

ಮೈಸೂರು–ನಂಜನಗೂಡು ಹೆದ್ದಾರಿಯ ಪಕ್ಕದಲ್ಲಿರುವ ಮಂಡಕಳ್ಳಿ ವಿಮಾನ ನಿಲ್ದಾಣವು 2010ರಲ್ಲಿ ಪ್ರಯಾಣಿಕರ ಸಂಚಾರಕ್ಕೆ ಪುನಃ ತೆರೆಯಿತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಸಂಸ್ಥೆಯು ಇಲ್ಲಿಂದ ಚೆನ್ನೈಗೆ ಸಂಚಾರ ಆರಂಭಿಸಿತು. ಇಲ್ಲಿನ ಸುಮಾರು 1,740 ಮೀಟರ್ ಉದ್ದದ ಓಡುಪಥವು ಎಪ್ಪತ್ತರ ಆಸುಪಾಸಿನ ಆಸನಗಳುಳ್ಳ ಎಟಿಆರ್-72 ಮಾದರಿಯ ವಿಮಾನಗಳಿಗೆ ಸೂಕ್ತವಾಗಿದ್ದು, ಪ್ರಾದೇಶಿಕ ಸಂಸ್ಥೆಗಳಲ್ಲಿ ಸೇವೆಗೆ ಸೇರುವ ಅನೇಕ ಹೊಸ ಪೈಲಟ್‌ಗಳು ಮೊದಲು ಹಾರಿಸುವುದು ಇಂತಹ ವಿಮಾನಗಳನ್ನೇ.

ನೇಮಕಾತಿಗೆ ಮೊದಲು

ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು. ಒಟ್ಟು 200 ಗಂಟೆಗಳ ಹಾರಾಟದ ಅನುಭವ ಇರಬೇಕು, ಅದರಲ್ಲಿ 100 ಗಂಟೆ ತಾನೇ ಪ್ರಧಾನ ಚಾಲಕನಾಗಿ ಹಾರಿಸಿದ್ದಾಗಿರಬೇಕು. ವಾಯುಯಾನ ಮಾರ್ಗನಿರ್ದೇಶನ, ಹವಾಮಾನ ಶಾಸ್ತ್ರ, ವಾಯುಯಾನ ನಿಯಮಗಳು ಮತ್ತು ತಾಂತ್ರಿಕ ವಿಷಯಗಳ ಲಿಖಿತ ಪರೀಕ್ಷೆಗಳಲ್ಲಿ ಶೇ 70 ಅಂಕ ಪಡೆಯತಕ್ಕದ್ದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬ ನಿಯಮದ ಬದಲಾವಣೆಯ ಬಗ್ಗೆ 2025ರಲ್ಲಿ ಚರ್ಚೆ ನಡೆದಿದೆ. ಆದ್ದರಿಂದ ಕಲಾ ಮತ್ತು ವಾಣಿಜ್ಯ ವಿಭಾಗದವರು ಶುಲ್ಕ ಪಾವತಿಸುವ ಮುನ್ನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಆ ದಿನದ ನಿಯಮವನ್ನು ಖಚಿತಪಡಿಸಿಕೊಳ್ಳುವುದು.

ವೈದ್ಯಕೀಯ ತಪಾಸಣೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿಕೊಳ್ಳುವುದು ಒಳ್ಳೆಯದು. ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರದ ಆರಂಭಿಕ ತಪಾಸಣೆ ನಡೆಯುವ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಒಂದು. ವರ್ಣಾಂಧತೆಯಂತಹ ದೋಷವು ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟಿದ ನಂತರ ಪತ್ತೆಯಾದಲ್ಲಿ ಆ ಹಣ ಹಿಂದಿರುಗುವುದು ಕಷ್ಟ.

ನೇಮಕಾತಿಯ ನಂತರದ ತರಬೇತಿ

ನೇಮಕಾತಿ ಪತ್ರ ಬಂದ ತಕ್ಷಣ ಅಭ್ಯರ್ಥಿಯು ಪ್ರಯಾಣಿಕರ ವಿಮಾನ ಹಾರಿಸುವಂತಿಲ್ಲ. ತರಬೇತಿ ಶಾಲೆಯಲ್ಲಿ ಹಾರಿಸಿದ್ದು ಎರಡು ಅಥವಾ ನಾಲ್ಕು ಆಸನಗಳ ಚಿಕ್ಕ ವಿಮಾನ. ಸಂಸ್ಥೆಯ ವಿಮಾನವೇ ಬೇರೆ. ಆ ನಿರ್ದಿಷ್ಟ ಮಾದರಿಗೆ ‘ಟೈಪ್ ರೇಟಿಂಗ್’ ಪಡೆಯಬೇಕು. ಇದರಲ್ಲಿ ಮೊದಲು ತರಗತಿ ಪಾಠ, ಬಳಿಕ ಸಿಮ್ಯುಲೇಟರ್ ಅಭ್ಯಾಸ. ಎಂಜಿನ್ ಬೆಂಕಿ, ಒಂದೇ ಎಂಜಿನ್‌ನಲ್ಲಿ ಇಳಿಯುವಿಕೆ ಮುಂತಾದ ತುರ್ತು ಸಂದರ್ಭಗಳನ್ನು ಅಲ್ಲಿ ಮತ್ತೆ ಮತ್ತೆ ಮಾಡಿಸಲಾಗುತ್ತದೆ. ಇದಾದ ಮೇಲೂ ನಿಜವಾದ ಪ್ರಯಾಣಿಕರ ಸಂಚಾರದಲ್ಲಿ ತರಬೇತುದಾರ ಕ್ಯಾಪ್ಟನ್‌ರ ಮೇಲ್ವಿಚಾರಣೆಯಲ್ಲಿ ನಿಗದಿತ ಹಾರಾಟಗಳನ್ನು ಪೂರೈಸಿ, ಅಂತಿಮ ತಪಾಸಣೆಯಲ್ಲಿ ತೇರ್ಗಡೆಯಾದ ನಂತರವೇ ಸಹ ಪೈಲಟ್ ಆಗಿ ಸ್ವತಂತ್ರವಾಗಿ ರೋಸ್ಟರ್‌ಗೆ ಸೇರಿಸಲಾಗುತ್ತದೆ. ಸಿಮ್ಯುಲೇಟರ್ ಸರದಿ, ತರಬೇತುದಾರರ ಲಭ್ಯತೆ ಮತ್ತು ವಿಮಾನಗಳ ಸಂಖ್ಯೆಗೆ ಅನುಗುಣವಾಗಿ ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕೆಲವು ಸಂಸ್ಥೆಗಳು ಈ ಅವಧಿಯಲ್ಲಿ ಭತ್ಯೆ ಮಾತ್ರ ನೀಡುತ್ತವೆ. ಜಾಹೀರಾತುಗಳಲ್ಲಿ ಕಾಣುವ ಸಂಬಳವು ಇಲ್ಲಿಂದ ಮುಂದಿನದು, ಹಿಂದಿನದಲ್ಲ.

ದಿನನಿತ್ಯದ ಕರ್ತವ್ಯ

ಪ್ರಾದೇಶಿಕ ಮಾರ್ಗಗಳು ಚಿಕ್ಕವು. ಒಂದು ಹಾರಾಟ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವುದರಿಂದ ಸಹ ಪೈಲಟ್ ಒಂದೇ ದಿನ ನಾಲ್ಕು ಅಥವಾ ಅದಕ್ಕೂ ಹೆಚ್ಚು ಬಾರಿ ಏರಿ ಇಳಿಯಬೇಕಾಗಬಹುದು. ಎಟಿಆರ್ ಮಾದರಿಯು ಗರಿಷ್ಠ 25,000 ಅಡಿ ಎತ್ತರದವರೆಗೆ ಹಾರುವ ವಿಮಾನವಾದ್ದರಿಂದ ಮುಂಗಾರಿನ ಮೋಡಗಳನ್ನು ದಾಟಿ ಮೇಲೇರುವುದು ಎಲ್ಲ ಸಂದರ್ಭದಲ್ಲೂ ಸಾಧ್ಯವಾಗದು, ಸುತ್ತುಬಳಸಿ ಹೋಗಬೇಕಾಗುತ್ತದೆ. ದಣಿವು ಹೆಚ್ಚು, ಆದರೆ ಕಲಿಕೆಯೂ ಹೆಚ್ಚು. ದೂರದ ಮಾರ್ಗಗಳಲ್ಲಿ ಹಾರುವವರಿಗಿಂತ ಇವರಿಗೆ ಇಳಿಸುವಿಕೆಯ ಅಭ್ಯಾಸ ಬೇಗನೆ ಕೂಡಿಬರುತ್ತದೆ.

ಹಾರಾಟದ ಅವಧಿಗೆ ಮಿತಿಗಳಿವೆ. ವಾರಕ್ಕೆ 35 ಗಂಟೆ, ವರ್ಷಕ್ಕೆ 1,000 ಗಂಟೆ ಮೀರುವಂತಿಲ್ಲ. ದಿನದ ಇಳಿತಗಳ ಸಂಖ್ಯೆ ಹೆಚ್ಚಿದಂತೆ ಕರ್ತವ್ಯದ ಗರಿಷ್ಠ ಅವಧಿ ಕಡಿಮೆಯಾಗುತ್ತದೆ. 2024ರಲ್ಲಿ ಪರಿಷ್ಕೃತವಾದ ನಿಯಮಗಳನ್ವಯ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗಳಿಗೆ ಹೆಚ್ಚಿಸಲಾಗಿದ್ದು, ಇದು 2025ರ ಜುಲೈನಿಂದ ಜಾರಿಗೆ ಬಂದಿತು. ಹಾರಾಟದ ಗಂಟೆಗಳು ಕಡಿಮೆ ಎಂದು ಕಂಡರೂ ವರದಿ ಮಾಡಿಕೊಳ್ಳುವ ಸಮಯ, ನಿಲ್ದಾಣದಲ್ಲಿ ಕಾಯುವಿಕೆ ಮತ್ತು ಸ್ಟ್ಯಾಂಡ್‌ಬೈ ಕರ್ತವ್ಯ ಇವುಗಳಲ್ಲಿ ಸೇರಿಲ್ಲವೆಂಬುದನ್ನು ಗಮನಿಸುವುದು.

ಕರ್ತವ್ಯಕ್ಕೆ ಹಾಜರಾದಾಗ ಉಸಿರಾಟದ ಮದ್ಯ ತಪಾಸಣೆ ಇರುತ್ತದೆ. ಮೊದಲ ಬಾರಿ ದೃಢಪಟ್ಟರೆ ಪರವಾನಗಿಯು ಮೂರು ತಿಂಗಳು ಅಮಾನತಾಗುತ್ತದೆ. ಮನೆಯಲ್ಲಿ ರೂಢಿಯಲ್ಲಿರುವ ಅರಿಷ್ಟ, ಆಸವಗಳಲ್ಲಿಯೂ ಮದ್ಯಸಾರ ಇರುತ್ತದೆಂಬುದನ್ನು ಮನೆಯ ಹಿರಿಯರಿಗೂ ತಿಳಿಸಿರಬೇಕು.

ಮಂಡಕಳ್ಳಿಯಲ್ಲಿ ವಿಮಾನ ಇಳಿಯುತ್ತದೆಂದ ಮಾತ್ರಕ್ಕೆ ಊರಿನಲ್ಲಿಯೇ ಇದ್ದು ಕೆಲಸ ಮಾಡಬಹುದೆಂದು ಭಾವಿಸಬಾರದು. ಪೈಲಟ್‌ನ ವಾಸಸ್ಥಳವು ಸಂಸ್ಥೆಯು ನಿಗದಿಪಡಿಸಿದ ನೆಲೆಯಾಗಿರುತ್ತದೆ. ಅದು ಬೆಂಗಳೂರು, ಹೈದರಾಬಾದ್ ಅಥವಾ ಇನ್ನೂ ದೂರದ ನಗರವಾಗಿರಬಹುದು. ತಿ. ನರಸೀಪುರದಿಂದ ದೇವನಹಳ್ಳಿಗೆ ದಿನವೂ ಓಡಾಡುವುದು ಅಸಾಧ್ಯ. ರಜೆಯ ವಿಷಯದಲ್ಲಿ ಹಿರಿತನಕ್ಕೆ ಬೆಲೆ ಹೆಚ್ಚು. ದಸರಾ, ದೀಪಾವಳಿಯಂತಹ ದಿನಗಳಲ್ಲಿ ಪ್ರಯಾಣಿಕರು ಅಧಿಕವಾಗಿರುವುದರಿಂದ ಹೊಸಬರಿಗೆ ರಜೆ ದೊರೆಯುವುದು ವಿರಳ. ನಂಜನಗೂಡಿನ ಪಂಚಮಹಾರಥೋತ್ಸವಕ್ಕೆ ಬರುವೆನೆಂದು ಮಗನೋ ಮಗಳೋ ಮಾತು ಕೊಟ್ಟಿದ್ದರೂ ರೋಸ್ಟರ್ ಅದನ್ನು ಲೆಕ್ಕಿಸುವುದಿಲ್ಲ.

ಸಾಲ, ಬಾಂಡ್ ಮತ್ತು ಸಂಸ್ಥೆಯ ಸ್ಥಿರತೆ

ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮೀರಿದ ಶೈಕ್ಷಣಿಕ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತವೆ. ಕೃಷಿ ಭೂಮಿಗೆ 2002ರ ಸರ್ಫೇಸಿ ಕಾಯ್ದೆ ಅನ್ವಯಿಸದ ಕಾರಣ, ನಾಲೆ ನೀರಿನ ಒಳ್ಳೆಯ ಗದ್ದೆಯ ಪಹಣಿ ಇದ್ದರೂ ಅನೇಕ ಬ್ಯಾಂಕುಗಳು ಮನೆ, ನಿವೇಶನ ಅಥವಾ ಠೇವಣಿಯನ್ನೇ ಬಯಸುತ್ತವೆ. ಆಗ ಕುಟುಂಬವು ಖಾಸಗಿ ಲೇವಾದೇವಿಯತ್ತ ತಿರುಗುವುದು ಅತ್ಯಂತ ಅಪಾಯಕರ.

ಉದಾಹರಣೆಗೆ 40 ಲಕ್ಷ ರೂಪಾಯಿ ಸಾಲಕ್ಕೆ ಶೇ 11ರ ಸರಳ ಬಡ್ಡಿಯಂತೆ ವರ್ಷಕ್ಕೆ 4.4 ಲಕ್ಷ ರೂಪಾಯಿ ಬಡ್ಡಿಯಾಗುತ್ತದೆ. ತರಬೇತಿ, ಉದ್ಯೋಗದ ಹುಡುಕಾಟ ಮತ್ತು ಟೈಪ್ ರೇಟಿಂಗ್ ಸೇರಿ ಮೂರು ವರ್ಷ ಕಳೆದಲ್ಲಿ ಬಡ್ಡಿಯೇ 13.2 ಲಕ್ಷ ರೂಪಾಯಿ. ಟೈಪ್ ರೇಟಿಂಗ್ ವೆಚ್ಚವನ್ನು ಅಭ್ಯರ್ಥಿಯೇ ಭರಿಸಬೇಕಾದಲ್ಲಿ ಅದು ಪ್ರತ್ಯೇಕ. ಮರುಪಾವತಿಯ ವಿನಾಯಿತಿ ಅವಧಿಯು ಸಾಮಾನ್ಯವಾಗಿ ವ್ಯಾಸಂಗದ ಅವಧಿ ಮತ್ತು ಒಂದು ವರ್ಷ. ಆ ಅವಧಿಯಲ್ಲಿ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ.

ಸಂಸ್ಥೆಯು ಟೈಪ್ ರೇಟಿಂಗ್ ವೆಚ್ಚವನ್ನು ಭರಿಸಿದಲ್ಲಿ ನಿರ್ದಿಷ್ಟ ವರ್ಷಗಳ ಸೇವೆಗೆ ಬಾಂಡ್ ಬರೆಸಿಕೊಳ್ಳುವುದುಂಟು. ಬಾಂಡ್‌ಗೆ ಸಹಿ ಹಾಕುವ ಮುನ್ನ ಮೂರು ಅಂಶಗಳನ್ನು ಓದಿ ತಿಳಿಯಬೇಕು: ಬಾಂಡ್ ಅವಧಿ ಯಾವ ದಿನದಿಂದ ಆರಂಭ, ಮೊತ್ತವು ಸೇವೆಯ ವರ್ಷಗಳಿಗೆ ತಕ್ಕಂತೆ ಇಳಿಯುತ್ತದೆಯೇ, ಸಂಸ್ಥೆಯೇ ಸಂಚಾರ ನಿಲ್ಲಿಸಿದರೆ ಬಾಂಡ್‌ನ ಗತಿಯೇನು. ಮೂರನೆಯದನ್ನು ಕೇಳುವವರು ಕಡಿಮೆ. ಆದರೆ ಕರ್ನಾಟಕದ ಅನುಭವವು ಅದನ್ನೇ ಮೊದಲು ಕೇಳುವಂತೆ ಮಾಡುತ್ತದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಸ್ಥಾಪಿಸಿ 2003ರಲ್ಲಿ ಸಂಚಾರ ಆರಂಭಿಸಿದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್‌ನೊಂದಿಗೆ ವಿಲೀನಗೊಂಡಿತು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಬೆಂಗಳೂರಿನ ಏರ್ ಪೆಗಾಸಸ್ 2015ರಲ್ಲಿ ಆರಂಭವಾಗಿ 2016ರಲ್ಲಿಯೇ ಸ್ಥಗಿತಗೊಂಡಿತು. ಮೈಸೂರಿಗೆ ಬರುತ್ತಿದ್ದ ಟ್ರೂಜೆಟ್ 2022ರಲ್ಲಿ ಹಾರಾಟ ನಿಲ್ಲಿಸಿತು. ಇನ್ನೊಂದೆಡೆ, 2019ರಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಆರಂಭವಾದ ಸ್ಟಾರ್ ಏರ್ ತನ್ನ ಜಾಲವನ್ನು ವಿಸ್ತರಿಸಿಕೊಂಡಿದೆ. ಎಟಿಆರ್ ರೇಟಿಂಗ್ ಉಳ್ಳವರಿಗೆ ಸಂಸ್ಥೆ ನಿಂತ ದಿನ ಎಟಿಆರ್ ಹೊಂದಿರುವ ಬೇರೆ ಸಂಸ್ಥೆಯಲ್ಲಿ ಮಾತ್ರ ನೇರ ಅವಕಾಶ. ಉಳಿದೆಡೆ ಮತ್ತೊಂದು ಟೈಪ್ ರೇಟಿಂಗ್ ಮಾಡಿಕೊಳ್ಳಬೇಕಾಗುತ್ತದೆ.

ಕ್ಯಾಪ್ಟನ್ ಹುದ್ದೆಗೆ ಅಗತ್ಯವಾದ ಉನ್ನತ ಪರವಾನಗಿಗೆ 1,500 ಗಂಟೆಗಳ ಹಾರಾಟ ಬೇಕು. ಅಲ್ಲಿಯವರೆಗೂ, ಅನಂತರವೂ, ಸಿಮ್ಯುಲೇಟರ್ ಪರೀಕ್ಷೆಗಳು ನಿಯತವಾಗಿ ನಡೆಯುತ್ತವೆ ಮತ್ತು 40 ವರ್ಷದೊಳಗಿನವರ ವೈದ್ಯಕೀಯ ಪ್ರಮಾಣಪತ್ರವನ್ನು 12 ತಿಂಗಳಿಗೊಮ್ಮೆ ನವೀಕರಿಸಬೇಕು.

ಅರ್ಜಿದಾರರು ಗಮನಿಸಬೇಕಾದ ದಾಖಲೆಗಳು

ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮತ್ತು ಡಿಜಿಸಿಎ ದಾಖಲೆಗಳಲ್ಲಿ ಹೆಸರು ಅಕ್ಷರಶಃ ಒಂದೇ ಆಗಿರತಕ್ಕದ್ದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರವಿದ್ದು ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರಿರುವುದು ಈ ಭಾಗದಲ್ಲಿ ಸಾಮಾನ್ಯ. ಅಂಕಪಟ್ಟಿಯ ತಿದ್ದುಪಡಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಸಲ್ಲಿಸುವುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಸಂಬಂಧಪಟ್ಟ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸ್ವೀಕರಿಸಲಾಗುತ್ತದೆ. ಆದಾಯ ಪ್ರಮಾಣಪತ್ರದ ಮಾನ್ಯತೆ ಐದು ವರ್ಷ. ಪಾಸ್‌ಪೋರ್ಟ್‌ಗಾಗಿ ಈಗ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ; ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಆರಂಭವಾಯಿತು.

ನೇಮಕಗೊಂಡವರಿಗೆ ವಿಮಾನ ನಿಲ್ದಾಣ ಪ್ರವೇಶ ಪತ್ರ ನೀಡುವ ಮುನ್ನ ಪೂರ್ವಾಪರ ಪರಿಶೀಲನೆ ನಡೆಯುತ್ತದೆ. ಕಾಯಂ ವಿಳಾಸದ ಠಾಣೆಯಿಂದ ಪೊಲೀಸ್ ಸಿಬ್ಬಂದಿ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಅಥವಾ ವಿಳಾಸ ಬದಲಾಗಿದ್ದರೆ, ವರದಿ ತಡವಾಗಿ ತರಬೇತಿಯ ಸರದಿ ತಪ್ಪುವ ಸಂಭವವಿದೆ. ಆದಕಾರಣ ಅಭ್ಯರ್ಥಿಯು ಹೊರ ಊರಿನಲ್ಲಿದ್ದಲ್ಲಿ ಮನೆಯವರು ಆಧಾರ್, ಪಡಿತರ ಚೀಟಿ ಮತ್ತು ನೇಮಕಾತಿ ಪತ್ರದ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಂಡು, ಅಭ್ಯರ್ಥಿಯ ಈಗಿನ ವಿಳಾಸ ಹಾಗೂ ದೂರವಾಣಿ ಸಂಖ್ಯೆಯನ್ನು ಠಾಣೆಗೆ ಲಿಖಿತವಾಗಿ ನೀಡುವುದು.