ಬರವನ್ನು ಅಳೆದ ಬಗೆ

ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ಚಿತ್ರದುರ್ಗ ಸೀಮೆಯ ನಮ್ಮ ತಾಲ್ಲೂಕು ಕಚೇರಿಯ ಆವರಣದಲ್ಲಿ, ತಂತಿಬೇಲಿಯ ನಡುವೆ, ಒಂದು ಮಳೆಮಾಪಕವಿತ್ತು. ಐದು ಅಂಗುಲ ವ್ಯಾಸದ ಆಲಿಕೆ, ಅದರಡಿ ಒಂದು ಶೀಸೆ, ಅಷ್ಟೇ. ಬೆಳಿಗ್ಗೆ ಎಂಟೂವರೆಗೆ ಜವಾನನೊಬ್ಬ ಬಂದು ಶೀಸೆಯ ನೀರನ್ನು ಗೆರೆಗಳಿದ್ದ ಗಾಜಿನ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಅಂಕಿಯನ್ನು ಗುಮಾಸ್ತರಿಗೆ ಹೇಳುತ್ತಿದ್ದ. ಬಹುಪಾಲು ದಿನಗಳಲ್ಲಿ ಬರಿದಾದ ಶೀಸೆಯನ್ನು ಅಲ್ಲಾಡಿಸಿ ಹಾಗೆಯೇ ಇಡುತ್ತಿದ್ದ. ಏನೂ ಇಲ್ಲದ್ದನ್ನೂ ಬರೆಯಬೇಕೇ ಎಂದು ನಾನೊಮ್ಮೆ ಕೇಳಿದೆ. "ಬರೀಲೇಬೇಕು ಕಣಪ್ಪ, ಸೊನ್ನೆ ಎಣಿಸಿದ್ರೆ ತಾನೇ ಬರ ಅನ್ನೋದು ಗೊತ್ತಾಗೋದು" ಎಂದಿದ್ದ.

ನನ್ನ ತಂದೆಯವರು 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗುವವರೆಗೂ ಆ ಕೆಲಸದಲ್ಲಿದ್ದವರು. ಅವರ ಅಳತೆಗೋಲೇ ಬೇರೆ: ಆಣೆವಾರಿ. ಹೊಲದ ಬದುವಿನ ಮೇಲೆ ನಿಂತು, ಪೂರ್ಣ ಬೆಳೆಯನ್ನು ಹದಿನಾರಾಣೆ ಎಂದಿಟ್ಟುಕೊಂಡು, ಈ ವರ್ಷದ್ದು ಎಷ್ಟಾಣೆ ಎಂದು ಅಂದಾಜು ಮಾಡುವುದು. ಬೆಳೆ ತೀರ ಕೆಳಗಿಳಿದಿದ್ದರೆ ಕಂದಾಯದಲ್ಲಿ ರಿಯಾಯಿತಿಗೆ ದಾರಿ. 1957ರಲ್ಲಿ ನಯಾಪೈಸೆ ಬಂದು ಆಣೆ ನಾಣ್ಯವಾಗಿ ಹೋದ ಮೇಲೂ ಹೊಲದಲ್ಲಿ ಅದು ಚಲಾವಣೆಯಲ್ಲಿತ್ತು! ಒಂದಾಣೆ ಹೆಚ್ಚು ಬರೆದರೆ ರೈತನ ಶಾಪ, ಕಡಿಮೆ ಬರೆದರೆ ಅಮಲ್ದಾರರ ಕೋಪ. ಆ ದಿನಗಳಲ್ಲಿ ತಂದೆಯವರಿಗೆ ಊಟ ಸೇರುತ್ತಿರಲಿಲ್ಲ.

ಈ ಎಣಿಕೆಗಳ ಹಿಂದೆ ಒಂದು ಘೋರ ಚರಿತ್ರೆಯಿದೆ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮವನ್ನು ನಮ್ಮ ಅಜ್ಜಿ ತಮ್ಮ ಅತ್ತೆಯಿಂದ ಕೇಳಿದ್ದರು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಆ ದುರಂತದ ಬಳಿಕ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು. ಅದರ ಹಿಂದೆಯೇ ಪ್ರಾಂತ್ಯಗಳಲ್ಲಿ ಕ್ಷಾಮ ಸಂಹಿತೆಗಳು ರೂಪುಗೊಂಡವು. ಧಾನ್ಯದ ಬೆಲೆಯೇರಿಕೆ, ಜನರ ಅಲೆದಾಟ, ಸಣ್ಣಪುಟ್ಟ ಕಳವುಗಳ ಹೆಚ್ಚಳ ಇವನ್ನೆಲ್ಲ ಕ್ಷಾಮದ ಮುನ್ಸೂಚನೆಗಳಾಗಿ ಗಮನಿಸಬೇಕೆಂದು ಗೊತ್ತಾಯಿತು. ಅನುಮಾನವಿದ್ದಲ್ಲಿ ಪರೀಕ್ಷಾ ಕಾಮಗಾರಿ ತೆರೆಯುವುದು. ಅಲ್ಪ ಕೂಲಿಗೆ ಕಲ್ಲು ಒಡೆಯಲು ಜನ ಬಂದರೆ ಸಂಕಟ ನಿಜವೆಂದು ತಿಳಿಯುವುದು. ಹಸಿವಿಗೆ ಸಾಕ್ಷಿ ಕೇಳುವ ಈ ಕ್ರಮವನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ನೋಡುವುದಕ್ಕೊಂದು ಪದ್ಧತಿ ಹುಟ್ಟಿತೆಂಬುದನ್ನು ಒಪ್ಪಬೇಕು.

ಸಾಕ್ಷಿಯ ಕಷ್ಟವನ್ನು ನಾನು ಕಣ್ಣಾರೆ ಕಂಡದ್ದು 1985ರಲ್ಲಿ. ಆಗ ನಾನು ತಾಲ್ಲೂಕು ಕೇಂದ್ರದಿಂದ ಹತ್ತು ಹರದಾರಿ ದೂರದ ಹಳ್ಳಿಯಲ್ಲಿ ಮೇಷ್ಟ್ರು. ಶೇಂಗಾ ಹೂಬಿಟ್ಟು ಹೂಡು ನೆಲಕ್ಕಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟಿತು. ಬಳ್ಳಿ ಹಸಿರಾಗಿಯೇ ಇತ್ತು. ಕಿತ್ತು ನೋಡಿದರೆ ಬುಡದಲ್ಲಿ ಕಾಯಿಲ್ಲ. ಆದರೆ ತಾಲ್ಲೂಕು ಕೇಂದ್ರದಲ್ಲಿ ಎರಡು ಸಂಜೆ ಬಿರುಮಳೆ ಸುರಿದಿತ್ತು, ಮಾಪಕವಿದ್ದದ್ದೂ ಅಲ್ಲಿಯೇ. ಊರಿನವರ ಅರ್ಜಿ, ಮಳೆಯ ಪ್ರಮಾಣ ವಾಡಿಕೆಗೆ ಹತ್ತಿರವಿದೆಯೆಂಬ ಷರಾದೊಂದಿಗೆ ಹಿಂದಿರುಗಿತು.

ನನ್ನ ಬಳಿ ಇದ್ದ ಮಾಪಕವೆಂದರೆ ಹಾಜರಿ ಪುಸ್ತಕ. ಐದನೆಯ ತರಗತಿಯ 41 ಮಕ್ಕಳಲ್ಲಿ ದಸರೆ ರಜೆ ಮುಗಿಯುವ ಹೊತ್ತಿಗೆ 17 ಮಂದಿ ಇರಲಿಲ್ಲ. ತಂದೆತಾಯಿಯರೊಡನೆ ಬೆಂಗಳೂರಿನ ಗಾರೆ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಗಳಿಗೋ ಹೋಗಿದ್ದರು. ಯುಗಾದಿಗೆ ಹನ್ನೊಂದು ಮಕ್ಕಳು ಮರಳಿದರು. ಲೆಕ್ಕದಲ್ಲಿ ಬಲು ಚುರುಕಾಗಿದ್ದ ಹುಡುಗಿಯೊಬ್ಬಳು ಮರಳಲಿಲ್ಲ. ಆ ಪುಸ್ತಕವನ್ನು ಯಾವ ಕಚೇರಿಯೂ ಕೇಳಲಿಲ್ಲ. ನಾನಾಗಿಯೇ ಒಯ್ದು ತೋರಿಸಬಹುದಿತ್ತು, ತೋರಿಸಲಿಲ್ಲ.

1988ರಲ್ಲಿ ಕರ್ನಾಟಕವು ಬರ ಉಸ್ತುವಾರಿ ಕೋಶವನ್ನು ಸ್ಥಾಪಿಸಿತು. ಮುಂದೆ 2007ರಲ್ಲಿ ಅದೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಬಂದವು. ಜವಾನನೂ ಬೇಡ, ಶೀಸೆಯೂ ಬೇಡ. ಸೌರಫಲಕದ ಬಲದಿಂದ ಅಂಕಿ ತಾನಾಗಿ ಬೆಂಗಳೂರು ಸೇರುತ್ತದೆ. ಕೇಂದ್ರ ಸರ್ಕಾರದ 2016ರ ಕೈಪಿಡಿಯಂತೆ ಮಳೆಯ ಕೊರತೆಯ ಜೊತೆಗೆ ಮಳೆಯಿಲ್ಲದೆ ಕಳೆದ ವಾರಗಳು, ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ ಇವೆಲ್ಲವನ್ನೂ ಪರಿಶೀಲಿಸುತ್ತಾರೆ. ಕೊನೆಗೆ ಕೆಲವು ಹಳ್ಳಿಗಳಲ್ಲಾದರೂ ಹೊಲಕ್ಕಿಳಿದು ನೋಡಲೇಬೇಕು. ನನ್ನ ತಂದೆಯವರು ನಿಲ್ಲುತ್ತಿದ್ದ ಬದುವಿನ ಮೇಲೆ ಇಂದಿಗೂ ಯಾರೋ ಒಬ್ಬರು ನಿಲ್ಲಬೇಕಾಗಿದೆ. ಹಸಿರು ಬಳ್ಳಿಯ ಬುಡದಲ್ಲಿ ಕಾಯಿಲ್ಲದ್ದು ಉಪಗ್ರಹಕ್ಕೆ ಕಾಣುವುದೆಂತು?

2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಕಂಡ ಅತ್ಯಂತ ಒಣ ಆಗಸ್ಟ್. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಅದು 223ಕ್ಕೇರಿತು. ಕೇಂದ್ರದ ಪರಿಹಾರಕ್ಕಾಗಿ ರಾಜ್ಯವು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಆ ದಿನಗಳಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿಗೆ ದೂರವಾಣಿ ಮಾಡಿದ್ದೆ. 1985ರಲ್ಲಿ ಊರು ಬಿಟ್ಟು ಯುಗಾದಿಗೆ ಮರಳಿದ ಹನ್ನೊಂದು ಮಂದಿಯಲ್ಲಿ ಅವನೂ ಒಬ್ಬ. ಅದೇ ಹಳ್ಳಿಯಲ್ಲಿ ಶೇಂಗಾ ಬೆಳೆಯುತ್ತಾನೆ. ಪಂಚಾಯಿತಿಯ ಮಾಪಕ ಕೆಲಸ ಮಾಡುತ್ತಿದೆಯೇ ಎಂದು ಕೇಳಿದೆ.

"ಮಾಡ್ತೈತೆ ಸಾರ್. ಈ ಸಲ ಬರ್ಕೊಂಡಿರೋ ಸೊನ್ನೆ ನಮ್ಮೂರದ್ದೇ. ದುಡ್ಡು ಮಾತ್ರ ಇನ್ನೂ ಬಂದಿಲ್ಲ" ಎಂದ.