ಬ್ರೆಜಿಲಿನಿಂದ ನಮ್ಮ ಗುಡ್ಡೆಗೆ ಬಂದ ಗೇರುಮರ

ಸಮಾಜ ಪಾಠದಲ್ಲಿ ದಕ್ಷಿಣ ಅಮೇರಿಕ ಬಂದಾಗ ಮಕ್ಕಳಿಗೆ ಬ್ರೆಜಿಲ್ ಎಂದರೆ ಅಮೆಜಾನ್ ನದಿ ಮತ್ತು ಫುಟ್ಬಾಲ್. ವಿಶ್ವಕಪ್ ಸಮಯದಲ್ಲಿ ಉಪ್ಪಳದಲ್ಲೂ ಹಳದಿ ಅಂಗಿಗಳು ಕಾಣುತ್ತವೆ. ಆದರೆ ಆ ದೇಶದ ಒಂದು ಮರ ಎಷ್ಟೋ ಮೊದಲೇ ನಮ್ಮ ಹಿತ್ತಿಲಿಗೆ ಬಂದಿದೆ. ಅದೇ ಗೇರು.

ಗೇರಿನ ತವರು ಬ್ರೆಜಿಲಿನ ಈಶಾನ್ಯ ಭಾಗ. ಅಲ್ಲಿನ ತುಪಿ ಜನರು ಇದನ್ನು 'ಅಕಾಜು' ಎನ್ನುತ್ತಿದ್ದರು. ವರ್ಷಕ್ಕೂ ಅವರಲ್ಲಿ ಅದೇ ಪದ. ಗೇರುಹಣ್ಣಿನ ಕಾಲ ಬಂದರೆ ಒಂದು ವರ್ಷ ಕಳೆಯಿತೆಂದು ಲೆಕ್ಕ! ಪೋರ್ಚುಗೀಸರ ಬಾಯಲ್ಲಿ ಅದು 'ಕಾಜು' ಆಯಿತು.

ಪೋರ್ಚುಗೀಸ್ ನಾವಿಕ ಕಬ್ರಾಲ್ 13 ಹಡಗುಗಳೊಂದಿಗೆ ಭಾರತಕ್ಕೆಂದು ಹೊರಟವನು. 1500ರ ಏಪ್ರಿಲ್ 22ರಂದು ಅವನಿಗೆ ಬ್ರೆಜಿಲಿನ ಕರಾವಳಿ ಕಂಡಿತು. ಅದೇ ವರ್ಷ ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿ, ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ತಲುಪಿದ. ಆ ದಾರಿ ನಮ್ಮ ಇದೇ ಕಡಲು. ಗೇರನ್ನು ಪೋರ್ಚುಗೀಸರು ಇಲ್ಲಿಗೆ ತಂದದ್ದು ಆ ಬಳಿಕ, 16ನೇ ಶತಮಾನದಲ್ಲಿ. ಮಲಯಾಳದಲ್ಲಿ ಇದಕ್ಕೆ ಪರಂಗಿಮಾವು ಎಂಬ ಹೆಸರೂ ಇದೆ. ಮಾವು, ಗೇರು ಎರಡೂ ಒಂದೇ ಕುಟುಂಬದ ಮರಗಳು.

ಮಕ್ಕಳಿಗೆ ಹೇಳಬಹುದಾದ ಇನ್ನೆರಡು ಸಂಗತಿಗಳಿವೆ. ಬ್ರೆಜಿಲಿನ ನಟಾಲ್ ನಗರದ ಹತ್ತಿರ ಒಂದೇ ಗೇರುಮರ ಸುಮಾರು ಎರಡು ಎಕರೆ ಹರಡಿದೆ. ಅದರ ಗೆಲ್ಲುಗಳು ನೆಲಕ್ಕೆ ಬಾಗಿ ಬೇರು ಬಿಡುತ್ತವೆ. ಇನ್ನು ಸೆರಾ ದ ಕಪಿವಾರ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಕಪುಚಿನ್ ಕೋತಿಗಳು ಗೇರುಬೀಜವನ್ನು ಕಲ್ಲಿನಿಂದ ಗುದ್ದಿ ಒಡೆಯುತ್ತವೆ. ಅಲ್ಲಿ ಅಗೆದಾಗ ಕೋತಿಗಳು ಬಳಸಿದ 3000 ವರ್ಷ ಹಳೆಯ ಕಲ್ಲುಗಳು ಸಿಕ್ಕಿವೆ.

ಪಾಠ ಇಲ್ಲಿಗೇ ನಿಂತರೆ ಅರ್ಧವಾಗುತ್ತದೆ. ಕಾಸರಗೋಡಿನ ಸರಕಾರಿ ಗೇರುತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ನಮ್ಮ ಮಂಜೇಶ್ವರ ತಾಲೂಕಿನ ಎಣ್ಮಕಜೆಯಂಥ ಕನ್ನಡದ ಊರುಗಳ ಮನೆಗಳೂ ಅದರ ನೋವು ಉಂಡವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ತಪ್ಪು ಮರದ್ದಲ್ಲ. ಬೆಳೆ ಹೆಚ್ಚಲಿ ಎಂದು ಜನರನ್ನು ಮರೆತದ್ದು ಮನುಷ್ಯರು.

ಆದ್ದರಿಂದ ಶಿಕ್ಷಕ ಮಿತ್ರರೇ, ಬ್ರೆಜಿಲ್ ಪಾಠದ ದಿನ ಭೂಪಟದ ಜೊತೆಗೆ ಒಂದು ಗೇರುಹಣ್ಣನ್ನೂ ಮೇಜಿನ ಮೇಲಿಡಿ. ನಟಾಲಿನಿಂದ ಉಪ್ಪಳದವರೆಗೆ ಮಕ್ಕಳೇ ಗೆರೆ ಎಳೆಯಲಿ. ಗೇರುತೋಟದ ಕಥೆಯನ್ನು ಮನೆಯ ಹಿರಿಯರಲ್ಲಿ ಕೇಳಿ ಬರೆದು ತರಲಿ.