ಸಳನ ಲಾಂಛನ ಮತ್ತು ತಲಕಾಡಿನ ಗೆಲುವು: ಒಂದು ಮರುಪರಿಶೀಲನೆ

ವಂಶದ ಮೂಲಪುರುಷನೆನ್ನಲಾದ ಸಳನು ಮೃಗವನ್ನು ಇರಿಯುವ ಶಿಲ್ಪ ಹೊಯ್ಸಳರ ರಾಜಲಾಂಛನ ಎಂಬುದರಲ್ಲಿ ತಕರಾರಿಲ್ಲ. ಜೈನಮುನಿಯ ಆಣತಿಯಂತೆ ಅವನು ಹುಲಿಯನ್ನು ಕೊಂದ ಕಥೆ 1117ರ ಬೇಲೂರು ಶಾಸನದಲ್ಲಿ ಮೊದಲು ಕಾಣುತ್ತದೆ ಎಂಬುದೂ ಬಹುತೇಕ ಒಪ್ಪಿತ. ವಂಶದ ಹೆಸರು ಅದಕ್ಕಿಂತ ಹಳೆಯದು. 11ನೆಯ ಶತಮಾನದ ಶಾಸನಗಳಲ್ಲೇ ಸಿಗುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರತಂದಂದಿನಿಂದ ಈ ಚರ್ಚೆಗೆ ಗಟ್ಟಿ ನೆಲೆಯಿದೆ.

ವಿವಾದವಿರುವುದು ಲಾಂಛನದ ಅರ್ಥದಲ್ಲಿ. ಹುಲಿ ಚೋಳರ ಗುರುತು. ಹೊಯ್ಸಳ ಅರಸ ವಿಷ್ಣುವರ್ಧನ 1116ರ ಸುಮಾರಿಗೆ ಅವರಿಂದ ತಲಕಾಡನ್ನು ಗೆದ್ದ. ಮರುವರ್ಷವೇ ಕಥೆ ಶಾಸನಕ್ಕೇರಿತು. ಆದ್ದರಿಂದ ಸಾಯುತ್ತಿರುವ ಮೃಗ ಚೋಳನೇ ಎಂಬ ವಾದ ನಮ್ಮ ಇತಿಹಾಸ ಗ್ರಂಥಗಳಲ್ಲಿ ಬೇರೂರಿದೆ. ಕಾಲದ ಹೊಂದಾಣಿಕೆ ಆಕರ್ಷಕವೇ ಸರಿ. ಆದರೆ ಎರಡು ಸಾಕ್ಷ್ಯಗಳು ಇದಕ್ಕೆ ಅಡ್ಡ ನಿಲ್ಲುತ್ತವೆ.

ಮೊದಲನೆಯದು ನಾಣ್ಯ. ‘ಶ್ರೀ ತಲಕಾಡುಗೊಂಡ’ ಎಂಬ ಬರಹವುಳ್ಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಇನ್ನೊಂದು ಮುಖದಲ್ಲಿ ಕೇಸರವುಳ್ಳ ಮೃಗವೊಂದು ನೆಟ್ಟಗೆ ನಿಂತಿದೆ. ಸಳನೂ ಇಲ್ಲ, ಕಠಾರಿಯೂ ಇಲ್ಲ. ಆ ಮೃಗ ಸೋತ ಚೋಳನಾಗಿದ್ದರೆ, ಅದೇ ಗೆಲುವನ್ನು ಸಾರುವ ನಾಣ್ಯದಲ್ಲಿ ಗೆದ್ದವನು ಅದನ್ನು ಹೀಗೆ ಮೆರೆಸುತ್ತಿದ್ದನೇ? ಇಲ್ಲಿ ಅದು ಅರಸನ ಸ್ವಂತ ಗುರುತಾಗಿಯೇ ನಿಂತಿದೆ. ಬೇಲೂರಿನ ಬಾಗಿಲ ಶಿಲ್ಪಗಳಲ್ಲೂ ಮೃಗಕ್ಕೆ ಕೇಸರವಿದೆ. ರೂಪದಲ್ಲಿ ಅದು ಸಿಂಹಕ್ಕೇ ಹತ್ತಿರ.

ಎರಡನೆಯದು ಇನ್ನೂ ಮುಖ್ಯ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ದೊಡ್ಡಗದ್ದವಳ್ಳಿಯಲ್ಲಿ ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿಯ ಕಾಲ 1113-14. ಅದರ ಗೋಪುರದ ಮುಂಚಾಚಾದ ಶುಕನಾಸಿಯ ಮೇಲೆ ಲಾಂಛನಶಿಲ್ಪವಿದೆ. ಶಿಲ್ಪ ಗುಡಿಯಷ್ಟೇ ಹಳೆಯದಾದರೆ, ಅದು ತಲಕಾಡಿನ ಗೆಲುವಿಗಿಂತ ಎರಡು ಮೂರು ವರ್ಷ ಹಿಂದಿನದು. ಕಟ್ಟಿಸಿದವನು ದಂಡನಾಯಕನಲ್ಲ, ವ್ಯಾಪಾರಿ ಎಂಬುದನ್ನೂ ಗಮನಿಸಬೇಕು: ಆ ಹೊತ್ತಿಗೇ ಗುರುತು ಅರಮನೆಯ ಹೊರಗೂ ಪರಿಚಿತವಾಗಿದ್ದಿರಬೇಕು.

ಇದರಿಂದ ಲಾಂಛನ ಚೋಳಯುದ್ಧದಲ್ಲಿ ಹುಟ್ಟಲಿಲ್ಲ ಎಂದು ಹೇಳಬಹುದು. ಬಹುಶಃ ಎಂದು ಸೇರಿಸಲೇಬೇಕು: ಗೋಪುರದ ಮೇಲಿನ ಬಿಡಿಶಿಲ್ಪವನ್ನು ಆಮೇಲೆ ಏರಿಸಿರಬಹುದು, ಶಾಸನದ ಕಾಲ ಗುಡಿಯ ಪ್ರತಿ ಕಲ್ಲಿಗೂ ಸಲ್ಲಬೇಕಾಗಿಲ್ಲ. ಗೆಲುವಿನ ನಂತರ ಹಳೆಯ ಗುರುತನ್ನು ಜನ ಚೋಳರಿಗೆ ಅನ್ವಯಿಸಿ ಓದಿರುವುದೂ ಸಾಧ್ಯ. ಗುರುತು ಉಳಿದು ಅರ್ಥ ಬದಲಾಗುವುದಕ್ಕೆ ನಮ್ಮ ರಾಷ್ಟ್ರಧ್ವಜವೇ ಹತ್ತಿರದ ನಿದರ್ಶನ. 1921ರ ಬಾವುಟದಲ್ಲಿ ಹಸಿರು ಮುಸಲ್ಮಾನರನ್ನು ಸೂಚಿಸುತ್ತಿತ್ತು. 1931ರಲ್ಲಿ ಕಾಂಗ್ರೆಸ್ಸು ಬಣ್ಣಗಳಿಗೆ ಮತೀಯ ಅರ್ಥವಿಲ್ಲವೆಂದು ಠರಾಯಿಸಿತು. ಹಸಿರು ಮಾತ್ರ ಹಾಗೇ ಉಳಿಯಿತು.

ದೊಡ್ಡಗದ್ದವಳ್ಳಿಯ ಶಿಲ್ಪದ ಕಲ್ಲನ್ನೂ ಕೆತ್ತನೆಯನ್ನೂ ಅದೇ ಗುಡಿಯ ಉಳಿದ ಭಾಗಗಳೊಂದಿಗೆ ಹೋಲಿಸಿ ನೋಡುವ ಕೆಲಸ ಮುಂದಿನದು. ಶಾಸನ ‘ಹುಲಿ’ ಎಂದಾಗ ಶಿಲ್ಪಿ ಸಿಂಹವನ್ನೇಕೆ ಕಡೆದ ಎಂಬ ಪ್ರಶ್ನೆಗೆ ಇಲ್ಲಿಯ ವಾದದಲ್ಲಿ ಪೂರ್ಣ ಉತ್ತರವಿಲ್ಲ.